ಅಪ್ಪ ನನ್ನನ್ನು ಮೇಡಂ ಎಂದದ್ದು

ಮಾರ್ಚ್ 3, ಸೋಮವಾರ

ಇಂದೂ ಮೂವರ ಬೆವರಿಳಿಸಿದೆ. ಟೈಲರ್ ಚಿಕ್ಕಮ್ಮನ ಅಂಗಡಿಯ ಹಿಂದಿನ ಕೋಣೆ — ಊರವರೇ ಸೇರಿ ನಡೆಸುವ ಕೆಲಸ ಹುಡುಕುವ ಕೇಂದ್ರ. ಅರ್ಜಿ ಬರೆಯುವುದು ಚಿಕ್ಕಮ್ಮ. ಸುಳ್ಳು ಇಂಟರ್‌ವ್ಯೂ ಮಾಡಿ ಜನರನ್ನು ತಯಾರು ಮಾಡುವ ಘನಕಾರ್ಯ ನನ್ನದು. ಕನ್ನಡಕ ಅಜ್ಜಿಯದು, ಗಾಂಭೀರ್ಯ ಸ್ವಂತದ್ದು. ಕೋಣೆಯ ಕಾನೂನು: ಒಳಗೆ ನೆಂಟಸ್ತಿಕೆ ನಿಷಿದ್ಧ, ನಾನು ‘ಮೇಡಂ’. ತಪ್ಪಿದವರು ಹೊರಗೆ ಹೋಗಿ ಮತ್ತೆ ಬಾಗಿಲು ತಟ್ಟಬೇಕು. ಚಿಕ್ಕಮ್ಮನೇ ನಾಲ್ಕು ಸಲ ತಟ್ಟಿದ್ದಾಳೆ.

ಮಾರ್ಚ್ 4

ಬಟ್ಟೆ ಮಿಲ್ಲು ಮುಚ್ಚಿ ಏಳು ತಿಂಗಳು. ಅಪ್ಪ ಅಂದಿನಿಂದ ಮನೆಯಲ್ಲೇ. ಹಾಲಿನ ಡೇರಿಗೆ ಮೆಕ್ಯಾನಿಕ್ ಬೇಕಂತೆ, 14ಕ್ಕೆ ಇಂಟರ್‌ವ್ಯೂ. ಕೇಂದ್ರಕ್ಕೆ ಬಾ ಎಂದೆ.

“ಇಪ್ಪತ್ತಾರು ವರ್ಷ ಮಷೀನು ರಿಪೇರಿ ಮಾಡಿದೋನು ನಿನ್ನ ಮುಂದೆ ಕೈಕಟ್ಟಿ ಕೂರ್ಬೇಕಾ?”

ಮತ್ತೆ ಎರಡು ಸಲ ಕರೆದೆ. ತಿರುಗಲೇ ಇಲ್ಲ. ಇತ್ತೀಚೆಗೆ ಹೀಗೇ — ಬೇಕೆನಿಸಿದ್ದಕ್ಕೆ ಮಾತ್ರ ತಿರುಗುತ್ತಾನೆ.

ಮಾರ್ಚ್ 10

ಬಾಗಿಲು ತಟ್ಟಿದ ಸದ್ದು. ಅಪ್ಪ! ಗಡ್ಡ ಬೋಳಿಸಿ, ಒದ್ದೆ ತಲೆ ಬಾಚಿ. “ಹುಡುಗಿಗೆ ಹೆದರ್ತೀರಾ ಭಾವ?” ಎಂದು ಚಿಕ್ಕಮ್ಮ ಕೆಣಕಿದಳಂತೆ.

“ಒಳಗೆ ಬರ್ಲಾ, ಮೇಡಂ?”

ನಗು ನುಂಗಿದೆ. ಕುರ್ಚಿಯನ್ನು ಓರೆಯಾಗಿ ಎಳೆದು ಕೂತ.

“ನೇರವಾಗಿ ಕೂತ್ಕೊಳ್ಳಿ. ನಿಮ್ಮಲ್ಲಿರೋ ಒಂದು ಕೊರತೆ ಹೇಳಿ.” ದೊಡ್ಡ ದೊಡ್ಡವರನ್ನು ಕೆಡವಿದ ಪ್ರಶ್ನೆ ಇದು.

ಕುರ್ಚಿಯನ್ನು ಓರೆಯಾಗಿಯೇ ಬಿಟ್ಟ.

“ಬಲಗಿವಿ ಕೇಳಲ್ಲ, ಮೇಡಂ. ಮಿಲ್ಲಿನ ಸದ್ದಿಗೆ ಹೋಯ್ತು. ಮನೇಲಿ ಹೇಳಿಲ್ಲ.”

“ಯಾಕೆ?” ದನಿ ಮೇಡಂನದಾಗಿರಲಿಲ್ಲ.

“ಮಗಳೊಬ್ಬಳಿದಾಳೆ. ದಿನಾ ಏನಾದ್ರೂ ತಮಾಷೆ ಹೇಳ್ತಾಳೆ. ಅರ್ಧ ಕೇಳಲ್ಲ. ಅವಳಮ್ಮ ನಕ್ಕಾಗ ನಾನೂ ನಗ್ತೀನಿ. ಕಿವುಡ ಅಂತ ಗೊತ್ತಾದ್ರೆ ಹೇಳೋದೇ ಬಿಟ್ಟುಬಿಟ್ಟಾಳು.”

ಕನ್ನಡಕ ಒರೆಸಿದೆ. ಅಜ್ಜಿಯ ಕನ್ನಡಕ, ಸುಮ್ಮಸುಮ್ಮನೆ ಮಂಜಾಗುತ್ತದೆ.

“ಇದನ್ನ ಡೇರೀಲೂ ಹೇಳ್ಬೇಕಾ?”

“ಹೇಳು ಅಪ್ಪಾ.”

“ನೆಂಟಸ್ತಿಕೆ ನಿಷಿದ್ಧ ಅಲ್ವಾ, ಮೇಡಂ? ಹೊರಗೆ ಹೋಗಿ ಬಾಗಿಲು ತಟ್ಟಿ.”

ಹೋದೆ. ಸ್ವಲ್ಪ ಹೊತ್ತು ಹೊರಗೇ ನಿಂತಿದ್ದೆ.

ಮಾರ್ಚ್ 13

ಕೇಂದ್ರಕ್ಕಿರುವುದು ಒಂದೇ ಬಿಳಿ ಶರ್ಟು. ಯಾರು ಇಂಟರ್‌ವ್ಯೂಗೆ ಹೊರಟರೂ ಚಿಕ್ಕಮ್ಮ ಅವರಳತೆಗೆ ಹಿಡಿದೋ ಬಿಟ್ಟೋ ಹೊಲಿದುಕೊಡುತ್ತಾಳೆ. ಅಪ್ಪನಿಗೆ ಎರಡೂ ಬದಿ ಹಿಡಿಯಬೇಕಾಯಿತು. ಏಳು ತಿಂಗಳಲ್ಲಿ ಇಷ್ಟು ಇಳಿದಿದ್ದಾನೆ… ನಾನು ನೋಡಿರಲೇ ಇಲ್ಲ.

ಮಾರ್ಚ್ 14, ಸಂಜೆ

ಡೇರಿಯ ಗೇಟಿನಲ್ಲಿ ಕಾದೆ. ಬಂದ. ತೋಳಿಗೆ ಗ್ರೀಸು. ಶರ್ಟು ಸತ್ತಿತು.

“ಮೊದಲೇ ಹೇಳ್ಬಿಟ್ಟೆ ಕಣೆ. ಮ್ಯಾನೇಜರು ಮುಖ ಸಿಂಡರಿಸಿದ. ‘ಕಿವಿ ಕೇಳದೆ ಮಷೀನಿನ ಕಾಯಿಲೆ ಹೇಗ್ರೀ ಗೊತ್ತಾಗುತ್ತೆ?’ ಅಂದ. ಓಡ್ತಿದ್ದ ಮೋಟರಿನ ಮೇಲೆ ಅಂಗೈ ಇಟ್ಟೆ. ಬೇರಿಂಗ್ ಹೋಗಿದೆ ಅಂದೆ. ಬಿಚ್ಚಿಸಿದರು.”

“ಹೋಗಿತ್ತಾ?”

“ಇನ್ನೆರಡು ದಿನಕ್ಕೆ ಮೋಟರೇ ಹೋಗ್ತಿತ್ತು.”

“ಕೆಲಸ?”

“ತಿಳಿಸ್ತೀವಿ ಅಂದ್ರು.”

ಸದ್ಯಕ್ಕೆ ನನ್ನ ಉದ್ಯೋಗ ಉಗುರು ಕಚ್ಚುವುದು.

ಮಾರ್ಚ್ 24, ಬೆಳಿಗ್ಗೆ 6.10

ಡೇರಿಯಲ್ಲಿ ಅಪ್ಪನ ಮೊದಲ ದಿನ. ನಾಲ್ಕಕ್ಕೇ ಎದ್ದು ಎಲ್ಲರನ್ನೂ ಎಬ್ಬಿಸಿದ. ಈಗ ತಾನೇ ಹೊರಟ. ಈ ಐತಿಹಾಸಿಕ ಕ್ಷಣವನ್ನು ದಾಖಲಿಸಲು ಕೂತರೆ… ಅಯ್ಯೋ, ಊಟದ ಡಬ್ಬಿ ಇಲ್ಲೇ ಮೇಜಿನ ಮೇಲಿದೆ. ಕಿಟಕಿಯಿಂದ ಕೂಗಿದೆ. ತಿರುಗಲಿಲ್ಲ. ಹೋದ ತಿಂಗಳಾಗಿದ್ದರೆ ಮುನಿಸಿಕೊಳ್ಳುತ್ತಿದ್ದೆ. ಓಡುತ್ತೇನೆ, ಅವನ ಎಡಗಡೆಯಿಂದ ಹೋಗಿ ಕರೆಯಬೇಕು —