ಬರೀ ಕೊಲೆ

ಬುಧವಾರ, ಮಧ್ಯಾಹ್ನ
ಟೈರ್ ಅಂಗಡಿ

ಅಕ್ಕಾ,

ನಿನ್ನ ಕಾಗದ ಮೂರು ಸಲ ಓದಿದೆ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ಎಲ್ಲದಕ್ಕೂ ಹೂಂ ಅಂದುಬಿಡುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ. ಲಾರಿಯ ಡ್ರೈವರಣ್ಣ ಸಂಜೆಯೊಳಗೆ ತಲುಪಿಸುತ್ತಾನೆ. ಕಾಗುಣಿತ ತಪ್ಪಿದ್ದರೆ ನಗಬೇಡ. ನಕ್ಕರೂ ಸರಿಯೇ, ಭಾವ ಹೋದ ಮೇಲೆ ನೀನು ನಕ್ಕಿದ್ದನ್ನು ಯಾರೂ ಕಂಡಿಲ್ಲವಂತೆ.

ನಾಳೆ ಹತ್ತಕ್ಕೆ ತನಿಖಾಧಿಕಾರಿಯ ಮುಂದೆ ನನ್ನ ಹೇಳಿಕೆ. ಜನರ ಮೇಲೆ ವ್ಯಾನ್ ಹತ್ತಿಸಿದವನು ಇಳಿಯುವಾಗ ಏನೋ ಘೋಷಣೆ ಕೂಗಿದ ಎಂದು ಹೇಳು, ಅಷ್ಟು ಸಾಕು ಎಂದು ನೀನು ಬರೆದಿದ್ದೀಯ. ಆಗ ಭಾವ ಭಯೋತ್ಪಾದಕನ ಕೈಯಲ್ಲಿ ಸತ್ತವರಾಗುತ್ತಾರೆ. ಇಲ್ಲದಿದ್ದರೆ, ನಿನ್ನ ಅತ್ತೆ ಅಂದಂತೆ, ಯಾವನೋ ತಲೆಕೆಟ್ಟವನ ಗಾಡಿಗೆ ಸಿಕ್ಕವರು. ಪುಟ್ಟಿ "ಅಪ್ಪನ್ನ ಯಾಕೆ ಸಾಯಿಸಿದ್ರು?" ಎಂದಾಗ ಹೇಳಲು ನಿನಗೊಂದು ಉತ್ತರ ಬೇಕು.

ಅವತ್ತು ಎದುರಿನ ಬಸ್ ನಿಲ್ದಾಣದಲ್ಲಿ ಜನ ಸಾಲಾಗಿ ನಿಂತಿದ್ದರು. ನಾನು ಚಕ್ರದ ನಟ್ ಬಿಚ್ಚುತ್ತಿದ್ದೆ. ಸದ್ದಿಗೆ ತಿರುಗಿದಾಗ ಸಾಲು ಇರಲಿಲ್ಲ. ಆಮೇಲೆ ರಸ್ತೆ ನೋಡಿದೆ. ಬ್ರೇಕ್ ಹಾಕಿದ್ದರೆ ಟಾರಿನ ಮೇಲೆ ಕಪ್ಪು ಗೆರೆ ಬೀಳುತ್ತದೆ. ಒಂದು ಗೇಣೂ ಇರಲಿಲ್ಲ. ವ್ಯಾನಿನ ಬ್ರೇಕ್ ಆಮೇಲೆ ನೋಡಿದರೆ ಸರಿಯಾಗೇ ಇತ್ತು. ಬೇಕೆಂದೇ ಮಾಡಿದ್ದು, ಅದನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಯಾಕೆ ಮಾಡಿದ ಎಂಬುದು ರಸ್ತೆ ನೋಡಿದರೆ ತಿಳಿಯುವುದಿಲ್ಲ.

ಅಧಿಕಾರಿ ಮೊನ್ನೆ ಅಂಗಡಿಗೇ ಬಂದಿದ್ದರು. "ಅವನ ಮನೇಲಿ ಒಂದು ಚೀಟಿ ಇಲ್ಲ, ಬೇಡಿಕೆ ಇಲ್ಲ, ಪಕ್ಷ ಪಂಗಡ ಏನೂ ಇಲ್ಲ. ಭಯೋತ್ಪಾದನೆ ಅಂತ ಹೇಗಮ್ಮ ಬರ್ಕೊಳ್ಳೋದು? ಇದು ಬರೀ ಕೊಲೆ" ಅಂದರು.

ಏಳು ಜನ, ಬರೀ ಕೊಲೆ! ನನಗೆ ರೇಗಿತು. "ನಮ್ ಅಂಗಡಿ ಯಜಮಾನ್ರು ಅವತ್ತಿಂದ ರಸ್ತೆಗೆ ಬೆನ್ನು ಹಾಕಿ ಕೂರಲ್ಲ ಸಾರ್. ಆ ಭಯ ಹುಟ್ಸಿದ್ದು ಯಾರು?" ಅಂದೆ.

ಯಜಮಾನರು ಲಾರಿಯಡಿಯಿಂದಲೇ, "ಭಯನೂ ಇಲ್ಲ ಗಿಯನೂ ಇಲ್ಲ ಸಾರ್, ಸೊಂಟ ನೋವು, ಅದಕ್ಕೆ ಕುರ್ಚಿ ತಿರುಗಿಸ್ಕೊಂಡಿದ್ದೀನಿ" ಎಂದು ಕೂಗಿದರು. ಅಧಿಕಾರಿಗೂ ನಗು ಬಂತು. ಹೊರಡುವಾಗ ಮೆಲ್ಲಗೆ, "ಜನ ಹೆದರಿದ್ರೆ ಸಾಲ್ದಮ್ಮ, ಹೆದರಿಸಿ ಏನೋ ಸಾಧಿಸ್ಬೇಕು ಅಂತ ಅವನಿಗಿರ್ಬೇಕು" ಅಂದರು.

ಅಲ್ಲಿಂದ ನನ್ನ ತಲೆ ಕೆಟ್ಟಿದೆ. ಕಾರಣವಿಟ್ಟುಕೊಂಡು ಕೊಂದವನು ದೊಡ್ಡವನು, ಕಾರಣವೇ ಇಲ್ಲದೆ ಕೊಂದವನು ಅವನಿಗಿಂತ ಚಿಕ್ಕವನೇ? ಕಾರಣವಿದ್ದವನ ಜೊತೆ ಕೂತು ಮಾತಾಡಬಹುದೇನೋ. ಇಂಥವನನ್ನು ಏನು ಕೊಟ್ಟು ನಿಲ್ಲಿಸುವುದು? ಹೀಗೆ ಯೋಚಿಸಿದಾಗ ಭಯೋತ್ಪಾದಕ ಎಂಬ ನಿನ್ನ ಪದವೇ ಸರಿ, ಒಂದು ಸುಳ್ಳು ಹೇಳಿಬಿಡೋಣ ಅನ್ನಿಸುತ್ತದೆ. ಆದರೆ ಕೂಗಿದ ಅಂದರೆ ಏನು ಕೂಗಿದ ಎಂದು ಕೇಳುತ್ತಾರೆ ಅಕ್ಕಾ. ಯಾರ ಘೋಷಣೆಯನ್ನು ಅವನ ಬಾಯಿಗೆ ತುರುಕಲಿ? ಯಾರದ್ದು ಹೇಳುತ್ತೇನೋ ಅವರ ಓಣಿಗೆ ಅಂದೇ ಜನ ಕಲ್ಲು ಹಿಡಿದು ಹೋಗುತ್ತಾರೆ. ಅಲ್ಲಿಯೂ ಒಬ್ಬಳು ಪುಟ್ಟಿ ಇರುತ್ತಾಳೆ. ಅವಳು ಯಾಕೆ ಎಂದು ಕೇಳಿದರೆ ಉತ್ತರ ನನ್ನ ಹತ್ತಿರವೇ ಇರುತ್ತದೆ.

ಅದಕ್ಕೇ ಘೋಷಣೆ ಕೇಳಲಿಲ್ಲ ಎಂದೇ ಹೇಳುತ್ತೇನೆ. 'ಬರೀ' ಎಂದು ಬರೆದುಕೊಂಡರೆ ಮಾತ್ರ ಜಗಳ ತೆಗೆಯುತ್ತೇನೆ. ನೀನು ನನ್ನ ಜೊತೆ ಮಾತು ಬಿಟ್ಟರೆ ಬಿಡು. ಇಲ್ಲ, ಬಿಡಬೇಡ.

ಶಾಲೆ ಬಿಟ್ಟು ನಾಲ್ಕು ಕೆಲಸ ಬದಲಿಸಿದ್ದಕ್ಕೆ ಭಾವ ಇಟ್ಟ ಹೆಸರಿನಲ್ಲೇ ಸಹಿ ಹಾಕುತ್ತೇನೆ.

ನಿನ್ನ ತಂಗಿ
ಗಿರಗಿಟ್ಲೆ

ಮಡಚಿದ ಕಾಗದ ಮತ್ತೆ ಬಿಚ್ಚಿದೆ. ಅವನು ಏನೂ ಕೂಗಲಿಲ್ಲ, ನಿಜ. ಆದರೆ ಮಾತಾಡಿದ. ಇಳಿದು ನೇರ ನನ್ನ ಹತ್ತಿರ ಬಂದು, "ಸ್ವಲ್ಪ ನೀರು ಕೊಡ್ತೀರಾ?" ಅಂದ. ಬ್ರೇಕ್ ಫೇಲಾದ ಬಡಪಾಯಿ ಅಂದುಕೊಂಡು ನನ್ನ ಬಾಟಲಿ ಕೊಟ್ಟೆ. ಪೂರ್ತಿ ಕುಡಿದು, ಮುಚ್ಚಳ ಹಾಕಿ ವಾಪಸ್ ಕೊಟ್ಟ. ಅಷ್ಟರಲ್ಲಿ ವ್ಯಾನಿನ ಆಚೆಯಿಂದ ಯಾರೋ ನೀರು ಕೇಳಿದರು. ಬಾಟಲಿ ಖಾಲಿಯಾಗಿತ್ತು. ಭಾವ ಮೊದಲ ಬಸ್ಸಿಗೇ ಹೋಗಿರುತ್ತಾರೆ ಅಂದುಕೊಂಡಿದ್ದೆ. ಆ ದನಿ ಅವರದ್ದೋ ಅಲ್ಲವೋ ಎಂದು ಇವತ್ತಿಗೂ ನನಗೆ ಗೊತ್ತಾಗುತ್ತಿಲ್ಲ ಅಕ್ಕಾ.