ಸಾಲು ತಪ್ಪಿಸಿದ್ದು ನಾವೇ ಇರಬಹುದು

ಅಕ್ಕಾ,

ಚಿನ್ನಿಯನ್ನು ಕರೆದುಕೊಂಡು ನಿನ್ನೆಯ ಪಾರ್ಕಿಗೇ ಹೋಗಿದ್ದೇನೆ. ಹಾಸಿಗೆ ಖಾಲಿ ಇದೆ ಅಂತ ಗಾಬರಿಯಾಗಬೇಡ, ಭಾವನನ್ನೂ ಗಾಬರಿಪಡಿಸಬೇಡ. ಹೆಡ್‌ಫೋನು, ನೀರು, ಅವಳ ಹಳದಿ ಟವೆಲ್ಲು ಎಲ್ಲ ತಗೊಂಡಿದ್ದೇನೆ.

"ಬೆಳಿಗ್ಗೆನೇ ಊರಿಗೆ ಹೊರಡೋಣ, ನನ್ನ ಮಗಳಿಗೆ ಇದೆಲ್ಲ ಆಗಿಬರಲ್ಲ" ಅಂತ ರಾತ್ರಿ ಅಂದೆಯಲ್ಲ, ಮಧ್ಯಾಹ್ನದವರೆಗೆ ತಡಿ. ಬಟ್ಟೆ ಚೀಲಕ್ಕೆ ತುಂಬಬೇಡ.

ನಿನ್ನೆ ಅಲ್ಲಿ ಪುಟ್ಟ ರೈಲಿನ ಹತ್ತಿರ ಅವಳು ನೆಲಕ್ಕೆ ಬಿದ್ದು ಕಿರುಚಿದ್ದು ರೈಲಿಗೆ ಹೆದರಿ ಅಂತ ಎಲ್ಲರೂ ಅಂದುಕೊಂಡೆವು. ಈಗ ನನಗೆ ಅದು ಖಚಿತವಿಲ್ಲ. ನಾನು ಮನೆಯಲ್ಲಿ ಬರೆದುಕೊಟ್ಟ ಚಿತ್ರದ ಹಾಳೆಯಲ್ಲಿ ಮೊದಲು ಗೇಟು, ಆಮೇಲೆ ಉದ್ದನೆಯ ಸಾಲು, ಆಮೇಲೆ ರೈಲು ಇತ್ತು. ತಿಂಗಳಿಡೀ ಅದನ್ನೇ ತೋರಿಸಿದೆವು. ಅಲ್ಲಿ ನೋಡಿದರೆ, ಆಟಿಸಂ ಇರುವ ಮಕ್ಕಳು ಕಾಯಬೇಕಿಲ್ಲ ಅಂತ ಗೇಟಿನವರು ಪಾಸ್ ಕೊಟ್ಟರು, ನಾವು ಸಾಲಿನಲ್ಲಿ ನಿಲ್ಲದೆ ಖುಷಿಯಾಗಿ ಪಕ್ಕದ ಬಾಗಿಲಿಂದ ನುಗ್ಗಿದೆವು. ಚಿಕ್ಕಂದಿನಲ್ಲಿ ಏಳು ಬಾಗಿಲಿನ ಕಥೆ ಹೇಳುವಾಗ ಅಜ್ಜಿ ತೂಕಡಿಸುತ್ತಾ ಒಂದು ಬಾಗಿಲು ಹಾರಿಸಿದರೆ ನಾವಿಬ್ಬರೂ ಎಷ್ಟು ರಂಪ ಮಾಡುತ್ತಿದ್ದೆವು, ನೆನಪಿದೆಯಾ?

ಇದೇ ಕಾರಣವೋ, ಬರೀ ನನ್ನ ಊಹೆಯೋ, ಗೊತ್ತಿಲ್ಲ ಕಣೇ. ಬೆಳಿಗ್ಗೆ ಅವಳೇ ಹಾಳೆ ತಂದು ಸಾಲಿನ ಚಿತ್ರದ ಮೇಲೆ ಬೆರಳಿಟ್ಟಳು. "ಇಲ್ಲಿ ನಿಲ್ಲಬೇಕಾ ಚಿನ್ನಿ?" ಅಂದೆ. ಹೋಗಿ ಚಪ್ಪಲಿ ಹಾಕಿಕೊಂಡಳು.

ಇವತ್ತೂ ಕಿರುಚಿದರೆ ನೀನು ಹೇಳಿದ ಹಾಗೇ ಹೊರಡೋಣ, ನಾನು ತುಟಿ ಬಿಚ್ಚುವುದಿಲ್ಲ. ನೀನು ಬರುವುದಾದರೆ ಮಾತ್ರ ಆ ಪಾಸ್ ತರಬೇಡ. ನಾವು ಎಲ್ಲರ ಹಿಂದೆ ನಿಂತಿರುತ್ತೇವೆ.