ಉಚ್ಚಂಗಮ್ಮ ಬರೆದ ಉತ್ತರ

ಭರಮಸಾಗರ
೧೧-೮-೧೯೭೫, ಸೋಮವಾರ

ಉಚ್ಚಂಗಮ್ಮನಿಗೆ ಹಾಕಿದ ಸೊನ್ನೆ ವಾರದಿಂದ ಮನಸ್ಸಿನಲ್ಲಿ ಕೊರೆಯುತ್ತಿತ್ತು. ಬೇರು ನೀರು ಹುಡುಕಿಕೊಂಡು ಕೆಳಗಿಳಿಯುತ್ತದೆ ಎಂದು ನಾನು ಪಾಠ ಮಾಡಿದ್ದೆ. ಸುತ್ತಲೂ ನೀರಿದ್ದರೂ ಅದು ಕೆಳಕ್ಕೇ ಹೋಗುತ್ತದೆ ಎಂದು ಆ ಹುಡುಗಿ ಪರೀಕ್ಷೆಯಲ್ಲಿ ಬರೆದಳು. ಒಂಬತ್ತನೇ ತರಗತಿಯೆಲ್ಲ ನಗುವಂತೆ ಅದನ್ನು ಓದಿದೆ. ಮರುದಿನದಿಂದ ಅವಳು ಶಾಲೆಗೆ ಬರಲಿಲ್ಲ.

ಅನುಮಾನ ಬಂದು, ಗಾಜಿನ ಲೋಟದೊಳಗೆ ಒದ್ದೆ ಕಾಗದ ಸುತ್ತಿ ಅವರೆಕಾಳು ಇಟ್ಟಿದ್ದೆ. ಮೊಳೆತ ಮೇಲೆ ಲೋಟವನ್ನು ಅಡ್ಡ ಮಲಗಿಸಿದೆ. ಇವತ್ತು ನೋಡಿದರೆ ಕಾಗದ ಎಲ್ಲ ಕಡೆಯೂ ಒದ್ದೆ, ಬೇರುಗಳು ಮಾತ್ರ ನೆಲದ ಕಡೆಗೇ ಬಾಗಿವೆ.

ಸಂಜೆ ಲೋಟ ಹಿಡಿದು ಅವರ ಮನೆಗೇ ಹೋದೆ. "ತಪ್ಪು ನನ್ನದಮ್ಮ. ನೀನು ಬರೆದಿದ್ದೇ ಸರಿ" ಎಂದೆ.

ಅವಳ ತಾಯಿ ಮುದ್ದಕ್ಕ ಚಾಪೆ ಹಾಸಿದರು. "ಕುಂತ್ಕಳ್ರಿ ಮೇಷ್ಟ್ರೇ. ಇಷ್ಟು ಹೇಳಾಕೆ ಇಲ್ಲೀಗಂಟ ಬಂದ್ರಾ?"

ಹುಡುಗಿ ಲೋಟವನ್ನೇ ನೋಡುತ್ತಿದ್ದಳು. "ಸಾ, ಕೆಳಗು ಯಾವುದು ಅಂತ ಬೇರಿನ ತುದಿಗೆ ಗೊತ್ತಾಗುತ್ತಾ? ತುದಿ ಕತ್ತರಿಸಿದ್ರೆ ಬಾಗಲ್ವಾ?"

"ನನಗೆ ಗೊತ್ತಿಲ್ಲ" ಎಂದೆ. ಹದಿನಾಲ್ಕು ವರ್ಷದ ಮೇಷ್ಟರಗಿರಿಯಲ್ಲಿ ಈ ಮಾತು ಆಡಿದ್ದು ಇದೇ ಮೊದಲು. ನಾಚಿಕೆಯಾಗಲಿಲ್ಲ, ಮನಸ್ಸು ಹಗುರವಾಯಿತು.

"ಹಂಗಾರೆ ನಾಳೆ ಬರ್ತೀನಿ ಸಾ. ಬ್ಲೇಡು ನಾನೇ ತರ್ತೀನಿ."